ಮಜ್ಜಿಗೆ ಕುಡಿದರೆ ಓಡುತ್ತಿದ್ದ ಪಿಕಪ್ಪು

ಮೆಕ್ಯಾನಿಕ್ ಕೆಲಸಕ್ಕೆ ಹೊಸದಾಗಿ ಇಳಿಯುವವರು ನನ್ನ ಹತ್ತಿರ ಬಂದು, "ಸಿದ್ದಣ್ಣ, ಒಂದೆರಡು ಕಿವಿಮಾತು ಹೇಳಿ" ಅಂದರೆ ನಾನು ಸ್ಪ್ಯಾನರ್ ವಿಷಯ ಎತ್ತುವುದಿಲ್ಲ. ಕೆಲಸ ಮುಗಿದ ಮೇಲೆ ಉಗುರಿನ ಸಂದಿಯನ್ನು ಚೆನ್ನಾಗಿ ತೊಳೆದುಕೊಳ್ಳಿ ಅನ್ನುತ್ತೇನೆ. ಅವರು ಮುಖ ಮುಖ ನೋಡಿಕೊಳ್ಳುತ್ತಾರೆ. ಮುದುಕನಿಗೆ ಅರಳುಮರಳು ಶುರುವಾಗಿದೆ ಎಂದುಕೊಂಡು ಜೇಬಿನಿಂದ ಮೊಬೈಲ್ ತೆಗೆಯುತ್ತಾರೆ. ಉಗುರು ತೊಳೆಯದಿದ್ದರೆ ಏನಾಗುತ್ತದೆ ಎಂಬುದನ್ನು ಬರೆದಿಟ್ಟರೆ ಯಾರಾದರೂ ಪುಣ್ಯಾತ್ಮರು ಓದಬಹುದು ಎಂಬ ಆಸೆಯಿಂದ ಕೂತಿದ್ದೇನೆ. ಮಂಡಿ ನೋವಿನಿಂದ ಗಾಡಿಯ ಕೆಳಗೆ ತೂರಲಾಗದೆ ಗ್ಯಾರೇಜಿನ ಬಾಗಿಲು ಎಳೆದು ಎರಡು ವರ್ಷವಾಯಿತು. ಕೂರುವುದು ಬಿಟ್ಟರೆ ನನಗೆ ಬೇರೆ ಕೆಲಸವೂ ಇಲ್ಲ.

ತುಮಕೂರಿನ ಶಿರಾ ಗೇಟ್ ಹತ್ತಿರದ ಒಂದು ಗಲ್ಲಿಯಲ್ಲಿ ನನ್ನ ಗ್ಯಾರೇಜ್ ಇತ್ತು. ಕೆಲಸ ಕಲಿತದ್ದು ಬಾಷಾ ಉಸ್ತಾದರ ಕೈಕೆಳಗೆ. ಅವರ ಹತ್ತಿರ ಯಾವ ಮಿಷನ್ನೂ ಇರಲಿಲ್ಲ. ಎರಡು ಕಿವಿ ಮತ್ತು ಒಂದು ಉದ್ದನೆಯ ಸ್ಕ್ರೂಡ್ರೈವರ್ ಇದ್ದವು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚಿದರೆ ಒಳಗೆ ಯಾವ ಬೇರಿಂಗ್ ಅಳುತ್ತಿದೆ ಎಂದು ಹೇಳಿಬಿಡುತ್ತಿದ್ದರು. ನನಗೂ ಅದೇ ಚಟ ಹತ್ತಿತು. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಗುಬ್ಬಿಯಿಂದ ಬಂದ ಒಂದು ವ್ಯಾನಿಗೆ ಕಿವಿ ಕೊಟ್ಟು, ಒಳಗಿನ ಟಕಟಕ ಸದ್ದು ಕೇಳಿ, "ಉಸ್ತಾದ್, ಇಂಜಿನ್ ಇಳಿಸಲೇಬೇಕು" ಎಂದು ತೀರ್ಪು ಕೊಟ್ಟೆ. ವ್ಯಾನಿನವನ ಮುಖ ಬಿಳಿಚಿಕೊಂಡಿತು. ಉಸ್ತಾದರು ಎದ್ದು ಬಂದು ಸುಮ್ಮನೆ ಡ್ರೈವರ್ ಸೀಟು ಎತ್ತಿದರು. ಅಡಿಯಲ್ಲಿ ಒಂದು ತೆಂಗಿನಕಾಯಿ ತಗಡಿಗೆ ಬಡಿಯುತ್ತ ಉರುಳಾಡುತ್ತಿತ್ತು. "ಇಂಜಿನ್ ಆಮೇಲ್ ಇಳ್ಸೋಣ ಬೇಟಾ, ಮೊದ್ಲು ಇದನ್ನ ಒಡ್ಕಂಡ್ ಬಾ" ಅಂದರು. ಬೆಲ್ಲದ ಜೊತೆ ಎಲ್ಲರೂ ತಿಂದೆವು. ಬಿಳಿಚಿಕೊಂಡಿದ್ದವನು ಎಲ್ಲರಿಗಿಂತ ಹೆಚ್ಚು ತಿಂದ.

ಉಸ್ತಾದರು ನಮಗೆ ಕಟ್ಟುನಿಟ್ಟಾಗಿ ಹೇಳಿಕೊಟ್ಟ ನಿಯಮಗಳು ಎರಡೇ. ಒಂದು, ಟ್ರಯಲ್ ನೋಡಲು ಹೊರಡುವ ಮೊದಲು ಗಾಡಿಯನ್ನು ಬಂಕಿಗೆ ಒಯ್ದು ಸ್ವಲ್ಪ ಡೀಸೆಲ್ ಹಾಕಿಸಬೇಕು. ಗಿರಾಕಿಯ ಡೀಸೆಲ್ಲಿನಲ್ಲಿ ಊರು ಸುತ್ತಬಾರದು. ಇನ್ನೊಂದು, ಬಿಚ್ಚಿದ ಹಳೆಯ ಪಾರ್ಟನ್ನು ಪೇಪರಿನಲ್ಲಿ ಸುತ್ತಿ ಗಿರಾಕಿಯ ಕೈಗೇ ಕೊಡಬೇಕು. ಆ ಗಾಡಿಯಿಂದ ಬಿಚ್ಚದ ಪಾರ್ಟನ್ನು ತೋರಿಸಿ ಆ ಗಾಡಿಯದೇ ಅಂದವನು ಮೆಕ್ಯಾನಿಕ್ ಅಲ್ಲ, ಬೇರೇನೋ. ಆ ಬೇರೇನೋ ಏನೆಂದು ಉಸ್ತಾದರು ಉರ್ದುವಿನಲ್ಲಿ ಹೇಳುತ್ತಿದ್ದರು, ನಾನು ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದೇ ಒಂದು ಸಲ ಬಿಟ್ಟರೆ ಎರಡು ನಿಯಮಗಳನ್ನೂ ನಾನು ಕಡೆಯ ತನಕ ಪಾಲಿಸಿದೆ. ಮೊದಲನೆಯದು ನನ್ನ ಕಣ್ಣು ಕಟ್ಟಿತು. ಎರಡನೆಯದು ನನ್ನ ಮೀಸೆ ಬೋಳಿಸಿತು.

ಹೆಡ್ಡತನದ ಲೆಕ್ಕದಲ್ಲಿ ಮೇಷ್ಟ್ರ ಕಾರನ್ನೂ ಹೇಳಿಬಿಡುತ್ತೇನೆ. ಗುಬ್ಬಿಯ ಒಬ್ಬ ಹೈಸ್ಕೂಲ್ ಮೇಷ್ಟ್ರ ಕಾರು ಹೆಂಡತಿ ಕೂತರೆ ಎಳೆಯುತ್ತಿರಲಿಲ್ಲ, ಒಬ್ಬರೇ ಹೋದರೆ ಹಾರುತ್ತಿತ್ತು. "ಭಾರಕ್ಕೇನೋ..." ಎಂದು ಮೇಷ್ಟ್ರು ಮೆಲ್ಲಗೆ ಅಂದರು. ಆಯಮ್ಮ ಹಿಂದಿನ ಸೀಟಿನಿಂದ ದುರುಗುಟ್ಟಿದ ರೀತಿಗೆ ನಾನೂ ತಲೆ ತಗ್ಗಿಸಿದೆ. ಮೂರು ದಿನ ಬಿಚ್ಚಿ ಜೋಡಿಸಿದೆ. ಕಡೆಗೆ ಗೊತ್ತಾದದ್ದು ಇಷ್ಟು: ತಾನು ಕಾರು ಹತ್ತುವ ದಿನ ಮಾತ್ರ ಆಯಮ್ಮ ಗಂಡನ ಮಣ್ಣು ಚಪ್ಪಲಿಯಿಂದ ಕಾರು ಗಲೀಜಾಗಬಾರದೆಂದು ಬಾಗಿಲ ಬಳಿಯ ದಪ್ಪ ಕಾಲೊರಸನ್ನು ತಂದು ಅವರ ಕಾಲಡಿಗೆ ಹಾಸುತ್ತಿದ್ದರು. ಅದು ಮಡಿಚಿಕೊಂಡು ಆಕ್ಸಿಲರೇಟರಿನ ಕೆಳಗೆ ಸೇರಿಕೊಂಡರೆ ಪೆಡಲ್ ಅರ್ಧಕ್ಕೇ ನಿಲ್ಲುತ್ತಿತ್ತು. ನಿಯಮದ ಪ್ರಕಾರ ಕಾಲೊರಸನ್ನು ಪೇಪರಿನಲ್ಲಿ ಸುತ್ತಿ ಮೇಷ್ಟ್ರ ಕೈಗೆ ಕೊಟ್ಟೆ. ಗಾಡಿ ಕೆಟ್ಟರೆ ಓಡಿಸುವವರನ್ನು ಕೇಳಿದರೆ ಸಾಲದು, ಮನೆಯಲ್ಲಿ ಇನ್ಯಾರು ಅದನ್ನು ಮುಟ್ಟುತ್ತಾರೆ ಎಂದೂ ಕೇಳಬೇಕು ಎಂಬ ಪಾಠ ಅವತ್ತು ಕಲಿತೆ. ಬೇಕಾದ ಹೊತ್ತಿಗೆ ಸರಿಯಾಗಿ ಮರೆತೆ.

ಇನ್ನು ಪಿಕಪ್ಪಿನ ಕಥೆ. ಲೋಕೇಶ ಚೇಳೂರಿನ ಕಡೆಯವನು, ವಯಸ್ಸು ನಲವತ್ತರ ಆಸುಪಾಸು. ಮದುವೆ ಮುಂಜಿಗೆ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವುದು ಅವನ ಕಸುಬು. ಗಾಡಿ ಅವನ ತಂದೆ ತೆಗೆದುಕೊಂಡದ್ದು. ತಂದೆ ತೀರಿಕೊಂಡ ಮೇಲೆ ಕಸುಬನ್ನೂ ಗಾಡಿಯನ್ನೂ ಮಗ ವಹಿಸಿಕೊಂಡಿದ್ದ. ಹಳೆಯ ಡೀಸೆಲ್ ಪಿಕಪ್ಪು, ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ, ಕತ್ತೆಯಂತೆ ದುಡಿಯುವ ಗಾಡಿ. ವಾರದ ಕೊನೆಯ ಮದುವೆಗಳಿಗಾಗಿ ಪ್ರತಿ ಶುಕ್ರವಾರ ಕುಣಿಗಲ್ಲಿನ ಒಂದು ಛತ್ರಕ್ಕೆ ಪಾತ್ರೆ ತುಂಬಿಕೊಂಡು ಹೋಗಬೇಕು. ಒಂದು ಶನಿವಾರ ಬೆಳಿಗ್ಗೆ ಬಂದು ಗ್ಯಾರೇಜಿನ ಮುಂದೆ ನಿಲ್ಲಿಸಿದ.

"ಸಿದ್ದಣ್ಣ, ಚೇಳೂರಿಂದ ತುಮಕೂರ್ ತಂಕ ಕುದ್ರೆ ಇದ್ದಂಗೆ ಬತ್ತದೆ ಕಣಣ್ಣ. ಹೆಬ್ಬೂರ್ ದಾಟ್ತಿದ್ದಂಗೆ ಉಸ್ರೇ ಇರಲ್ಲ. ಕಾಲ್ ಪೂರ್ತಿ ಒತ್ತಿದ್ರೂ ಸೈಕಲ್ನೋರು ಓವರ್‌ಟೇಕ್ ಮಾಡ್ತಾರೆ."

"ಆಮೇಲೆ?"

"ಆಮೇಲೆ ನಿಂತೇ ಹೋಯ್ತದೆ. ಅಲ್ಲೊಂದ್ ಮಜ್ಗೆ ಅಂಗ್ಡಿ ಐತೆ. ಇಳ್ದು ಒಂದ್ ಲೋಟ ಮಜ್ಗೆ ಕುಡ್ದು ಬಂದು ಸ್ಟಾರ್ಟ್ ಮಾಡಿದ್ರೆ ಓಡ್ತದೆ."

"ಮಜ್ಗೆ ನೀನ್ ಕುಡಿದ್ಯಾ, ಗಾಡಿಗ್ ಕುಡ್ಸಿದ್ಯಾ?"

"ತಮಾಸೆ ಬ್ಯಾಡ ಕಣಣ್ಣ. ಒಂದ್ಸಲ ಮಜ್ಗೆ ಬುಟ್ಟು ಟೀ ಕುಡ್ದೆ. ಓಡ್ಲಿಲ್ಲ."

ನಲವತ್ತು ವರ್ಷದ ಅನುಭವದಲ್ಲಿ ಗಿರಾಕಿಗಳು ನನಗೆ ಏನೇನೋ ಹೇಳಿದ್ದಾರೆ. ಅಮಾವಾಸ್ಯೆಗೆ ಸ್ಟಾರ್ಟ್ ಆಗದ ಟ್ರಾಕ್ಟರ್ ನೋಡಿದ್ದೇನೆ, ಅಳಿಯ ಓಡಿಸಿದರೆ ಮಾತ್ರ ಹೊಗೆ ಬಿಡುವ ಜೀಪು ನೋಡಿದ್ದೇನೆ. ಮಜ್ಜಿಗೆಯ ವಿಷಯ ಹೊಸದು. ನಕ್ಕು, ಇದು ಡೀಸೆಲ್ ಹೋಗದಿರುವ ಕಂಪ್ಲೇಂಟ್ ಎಂದು ಹೇಳಿ ಡೀಸೆಲ್ ಫಿಲ್ಟರ್ ಬದಲಾಯಿಸಿದೆ. ಹೇಳಿದ್ದು ಸರಿಯಾಗಿಯೇ ಇತ್ತು ಎಂಬುದನ್ನು ದಯವಿಟ್ಟು ಗಮನಿಸಿ. ಮಾಡಿದ್ದು ಮಾತ್ರ ತಪ್ಪು. ಬಂಕಿಗೆ ಹೋಗಿ ಡೀಸೆಲ್ ಹಾಕಿಸಿ, ಹೈವೇ ಮೇಲೆ ಒಂದು ಸುತ್ತು ಟ್ರಯಲ್ ನೋಡಿದೆ. ಕರುವಿನಂತೆ ಚಂಗನೆ ಓಡಿತು. ಹಳೆ ಫಿಲ್ಟರನ್ನು ಪೇಪರಿನಲ್ಲಿ ಸುತ್ತಿ ಕೊಟ್ಟು ಕಳಿಸಿದೆ.

ಮುಂದಿನ ಶುಕ್ರವಾರ ಅದೇ ಹೆಬ್ಬೂರು, ಅದೇ ಮಜ್ಜಿಗೆ. ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಫೀಡ್ ಪಂಪ್ ಬದಲಾಯಿಸಿದೆ. ಬಂಕು, ಡೀಸೆಲ್, ಟ್ರಯಲ್, ಚಂಗನೆ ಓಡಿತು. ಅದರ ಮುಂದಿನ ಶುಕ್ರವಾರ ಹೆಬ್ಬೂರಿನಲ್ಲಿ ಒಂದು ಲೋಟ, ಕುಣಿಗಲ್ ಕೆರೆ ಕಾಣುವ ಹೊತ್ತಿಗೆ ಇನ್ನೊಂದು ಲೋಟ. ಈ ಸಲ ಟ್ಯಾಂಕನ್ನೇ ಇಳಿಸಿ, ತೊಳೆದು, ಪೈಪಿಗೆಲ್ಲ ಗಾಳಿ ಹೊಡೆದು ಕೂರಿಸಿದೆ. ಮತ್ತೆ ಬಂಕು, ಡೀಸೆಲ್, ಟ್ರಯಲ್, ಮತ್ತೆ ಕರು. ನನ್ನ ಮುಂದೆ ಆ ಗಾಡಿ ಒಂದು ಸಲವೂ ಏದುಸಿರು ಬಿಡಲಿಲ್ಲ. ಡಾಕ್ಟರ ಮುಂದೆ ಕೂತ ತಕ್ಷಣ ಕೆಮ್ಮು ನಿಂತುಹೋಗುತ್ತದಲ್ಲ, ಹಾಗೆ.

ಮೂರನೇ ಸಲ ಗಾಡಿ ಒಯ್ಯಲು ಬಂದಾಗ ಲೋಕೇಶನ ಜೊತೆ ಅವನ ತಾಯಿ ಗಂಗಮ್ಮನವರೂ ಬಂದಿದ್ದರು. ಎಪ್ಪತ್ತು ದಾಟಿದ, ಬೆನ್ನು ಬಾಗದ ಹೆಂಗಸು. ಮಗನ ಪಕ್ಕ ಮುಂದಿನ ಸೀಟಿನಲ್ಲಿ ಠೀವಿಯಿಂದ ಕೂತಿದ್ದರು. ಬೇಡವಾಗಿ ಬಿಚ್ಚಿದ್ದ ಒಂದು ಹಳೆಯ ಪೈಪನ್ನು ಪೇಪರಿನಲ್ಲಿ ಸುತ್ತಿ ಕೊಟ್ಟೆ. ಅದನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡರು.

"ಇದು ನಮ್ಮೆಜಮಾನ್ರು ತಂದ ಗಾಡಿ ಕಣಪ್ಪ ಸಿದ್ದಣ್ಣ. ವಾರ ವಾರ ನಾನ್ ಪೂಜೆ ಮಾಡಾದ್ಕೆ ಇಷ್ಟಾದ್ರೂ ಓಡ್ತೈತೆ. ಕೈ ಕೊಡಾಕ್ ಶುರುವಾದ್ಮೇಲೆ ಶುಕ್ರವಾರದ್ ಜೊತೆಗೆ ಮಂಗ್ಳವಾರನೂ ಮಾಡ್ತಾ ಇದೀನಿ."

"ಒಳ್ಳೇದಾಯ್ತು ಕಣಮ್ಮ" ಎಂದೆ. ಎಂಥ ಪೂಜೆ, ಎಲ್ಲಿಗೆ ಪೂಜೆ ಎಂದು ಕೇಳಲಿಲ್ಲ. ಮೇಷ್ಟ್ರ ಕಾಲೊರಸು ಆಗ ನೆನಪಾಗಬೇಕಿತ್ತು. ಲೋಕೇಶ ಪಕ್ಕದಿಂದ, "ಈಗ ಮಂಗ್ಳವಾರನೂ ನಿಲ್ತೈತೆ ಕಣಣ್ಣ, ಕಾಯ್ಲೆ ಜಾಸ್ತಿ ಆಯ್ತಾ ಐತೆ" ಅಂದ. ಅದನ್ನೂ ಕೇಳಿಸಿಕೊಂಡೆ, ಅದೂ ಒಳಗೆ ಇಳಿಯಲಿಲ್ಲ.

ಅಷ್ಟರಲ್ಲಿ ಕುಣಿಗಲ್ಲಿನಲ್ಲಿ ಪಾಯಸದ ಪ್ರಕರಣ ನಡೆಯಿತು. ಪಿಕಪ್ಪು ಹೆಬ್ಬೂರಿನ ಆಚೆ ನಿಂತು, ಪಾತ್ರೆಗಳು ಛತ್ರ ಸೇರುವುದು ತಡವಾಗಿ, ಅಡುಗೆಯವರು ಕಾದು ಕಾದು ಕಡೆಗೆ ಛತ್ರದ ಸ್ನಾನದ ಹಂಡೆಯನ್ನೇ ಚೆನ್ನಾಗಿ ಉಜ್ಜಿ ತೊಳೆದು ಅದರಲ್ಲೇ ಶ್ಯಾವಿಗೆ ಪಾಯಸ ಮಾಡಿದರು. ಗಂಡಿನ ಸೋದರಮಾವ ಪ್ರಯಾಣದ ದಣಿವಿನಲ್ಲಿ ಬಂದವರು, ಬೆಚ್ಚಗೆ ಹಬೆಯಾಡುತ್ತಿದ್ದ ಹಂಡೆಯನ್ನು ನೋಡಿ ಖುಷಿಯಾಗಿ, ಟವೆಲ್ ಸುತ್ತಿಕೊಂಡು ಎರಡು ಚೊಂಬು ಮೈಮೇಲೆ ಸುರಿದುಕೊಂಡರು. ಅವರ ಬೆನ್ನಿನಿಂದ ದ್ರಾಕ್ಷಿ ಆರಿಸಬೇಕಾಯಿತು. ಕೇಳಿದವರಿಗೆಲ್ಲ ನಗು, ಲೋಕೇಶನಿಗೆ ಮಾತ್ರ ಅಳು. ಛತ್ರದವರು ಇನ್ನೊಂದು ಸಲ ತಡವಾದರೆ ಬೇರೆಯವರಿಗೆ ಹೇಳುತ್ತೇವೆ ಅಂದಿದ್ದರು. ಅವನ ಅರ್ಧ ಕಸುಬು ಆ ಛತ್ರದ್ದೇ.

ಮಂಗಳವಾರ ತಾಯಿಯನ್ನೂ ಕೂರಿಸಿಕೊಂಡು ಬಂದು ಗ್ಯಾರೇಜಿನಲ್ಲೇ ಹೇಳಿಬಿಟ್ಟ. "ಈ ಶುಕ್ರವಾರ ಒಂದು ನೋಡ್ತೀನಿ ಕಣಣ್ಣ. ನಿಂತ್ರೆ ಸೋಮವಾರ ಗುಜರಿಗೆ. ಗುಜರಿಯವ್ನಿಗೆ ಹೇಳೂ ಆಗೈತೆ."

ಗಂಗಮ್ಮ ಸೀಟಿನಿಂದ ಇಳಿಯಲೂ ಇಲ್ಲ. "ಹಾಕು. ಹಿಂದ್ಗಡೆ ನಾನೂ ಕುಂತ್ಕತೀನಿ. ಜೊತೇಲೇ ತೂಕ ಹಾಕ್ಸು" ಅಂದರು. ಗಂಡ ಬದುಕಿದ್ದಾಗ ಅವರು ಆ ಸೀಟಿನಲ್ಲೇ ಕೂತು ಊರೂರು ತಿರುಗಿದ್ದವರು.

ಆ ಮಾತು ಕೇಳಿದ ಮೇಲೆ ನಾನು ಟೀ ಅಂಗಡಿಗೆ ಹೋಗಬಾರದಿತ್ತು. ಹೋದೆ. ಅಲ್ಲಿ ಮಂಜ ಕೂತಿದ್ದ. ಮಂಜ ಮತ್ತು ನಾನು ಉಸ್ತಾದರ ಬಳಿ ಒಟ್ಟಿಗೆ ಕೆಲಸ ಕಲಿತವರು, ಒಂದೇ ತೆಂಗಿನಕಾಯಿ ತಿಂದವರು. ನಮ್ಮಿಬ್ಬರದೂ ಹುರಿ ಮೀಸೆ. ಅವನ ಗ್ಯಾರೇಜು ರಸ್ತೆಯ ಆಚೆ ಬದಿಗಿತ್ತು. ಕಾಲಕ್ಕೆ ತಕ್ಕಂತೆ ಒಂದು ಸ್ಕ್ಯಾನರ್ ತಂದಿಟ್ಟುಕೊಂಡಿದ್ದ. ಹೊಸ ಗಾಡಿಗಳಿಗೆ ಅದರ ವೈರು ಚುಚ್ಚಿದರೆ ಕಾಯಿಲೆಯ ನಂಬರು ಪರದೆಯ ಮೇಲೆ ಬರುತ್ತದೆ. ಸ್ಕ್ಯಾನರನ್ನು ನಾನು ಹೀಗಳೆಯುವುದಿಲ್ಲ, ಹೊಸಬರು ಕಲಿಯಲೇಬೇಕು. ಮಂಜ ಅದನ್ನು ಮಗುವಿನಂತೆ ಕಂಕುಳಲ್ಲಿಟ್ಟುಕೊಂಡು ಟೀ ಕುಡಿಯಲು ಬರುತ್ತಿದ್ದದ್ದನ್ನು ಮಾತ್ರ ಹೀಗಳೆಯುತ್ತೇನೆ.

"ಏನ್ಲಾ ಸಿದ್ದ, ಮಜ್ಗೆ ಗಾಡಿ ಇನ್ನೂ ಅಲ್ಲೇ ಐತಂತೆ? ತಗಂಬಾ ಇತ್ಲಾಗೆ, ಸ್ಕ್ಯಾನ್ ಮಾಡ್ತೀನಿ."

"ಲೇ ಮಂಜ, ಆ ಗಾಡೀಲಿ ನಿನ್ ವೈರ್ ಚುಚ್ಚಾಕೆ ತೂತೇ ಇಲ್ಲ ಕಣ್ಲಾ."

"ಹಂಗಾರೆ ನಿನ್ ಕೈಲಿ ಆಗಲ್ಲ ಬುಡು."

ಆಗಲ್ಲ ಎಂಬ ಮಾತನ್ನು ಅಂಗಡಿಯಲ್ಲಿ ಕೂತಿದ್ದವರೆಲ್ಲ ಕೇಳಿಸಿಕೊಂಡರು. ನನ್ನ ಕೈ ತಾನಾಗಿ ಮೀಸೆಗೆ ಹೋಯಿತು. ಈ ಗಾಡಿಯ ಕಾಯಿಲೆ ಹಿಡಿಯದಿದ್ದರೆ ಮೀಸೆ ಬೋಳಿಸುತ್ತೇನೆ, ಹಿಡಿದರೆ ನೀನು ಬೋಳಿಸು ಎಂದು ಪಂದ್ಯ ಕಟ್ಟಿದೆ. ಮಂಜ ಜಾಣ. "ಬಾಯ್ಮಾತಲ್ ಹೇಳಿದ್ರೆ ಒಪ್ಪಲ್ಲ. ಉಸ್ತಾದ್ರ ನಿಯಮ. ಕೆಟ್ಟ ಪಾರ್ಟು ಈ ಟೇಬಲ್ ಮ್ಯಾಲೆ ಬರ್ಬೇಕು" ಅಂದ. ಒಪ್ಪಿದೆ.

ಶುಕ್ರವಾರ ಮೊದಲ ಬಸ್ಸಿಗೆ ಗುಬ್ಬಿಗೆ ಹೋಗಿ, ಅಲ್ಲಿಂದ ಚೇಳೂರಿನ ಬಸ್ಸು ಹಿಡಿದು ಲೋಕೇಶನ ಮನೆ ತಲುಪಿದೆ. ಗಾಡಿ ಕೆಡುವುದನ್ನು ಕಣ್ಣಾರೆ ನೋಡದೆ ವಿಧಿಯಿರಲಿಲ್ಲ. ಅಂಗಳದಲ್ಲಿ ಪಿಕಪ್ಪು ಕೊಳಗ, ಹಂಡೆ, ಜಾಲರಿ ಸೌಟುಗಳನ್ನೆಲ್ಲ ಹೇರಿಕೊಂಡು ಮದುವಣಗಿತ್ತಿಯಂತೆ ನಿಂತಿತ್ತು. ಗಂಗಮ್ಮ ತಲೆಗೆ ನೀರು ಹಾಕಿಕೊಂಡು, ಹೊಸ್ತಿಲ ಪೂಜೆ ಮುಗಿಸಿ, ಗಾಡಿಯದನ್ನೂ ಮುಗಿಸಿ, ಊದುಬತ್ತಿ ಬೆಳಗುತ್ತಿದ್ದರು. ನಾನೂ ಭಕ್ತಿಯಿಂದ ಕೈ ಮುಗಿದೆ. ಯಾವುದಕ್ಕೆ ಕೈ ಮುಗಿದೆ ಎಂಬುದು ಆಮೇಲೆ ಗೊತ್ತಾಯಿತು.

"ಬಂಕಿಗ್ ಬುಡ್ಲಾ ಅಣ್ಣ?" ಎಂದ ಲೋಕೇಶ.

"ಎಷ್ಟೈತೆ?"

"ನಿನ್ನೆ ಸಾಯಂಕಾಲನೇ ಟ್ಯಾಂಕ್ ಫುಲ್ ಮಾಡ್ಸಿದೀನಿ. ಪ್ರತಿ ಗುರುವಾರ ಮಾಡ್ಸೋದೇ."

ಹೊತ್ತಾಗಿತ್ತು, ಹಿಂದೆ ಅಷ್ಟು ಪಾತ್ರೆ. ಉಸ್ತಾದರಿಗೆ ಮನಸ್ಸಿನಲ್ಲೇ ತಪ್ಪಾಯಿತು ಎಂದು ಹೇಳಿ, ಹುಟ್ಟಿದ ಮೇಲೆ ಮೊದಲ ಸಲ ಬಂಕಿಗೆ ಹೋಗದೆ ಗಿರಾಕಿಯ ಗಾಡಿ ಹತ್ತಿದೆ.

ಗುಬ್ಬಿ ದಾಟಿತು, ತುಮಕೂರು ದಾಟಿತು. ಹೆಬ್ಬೂರು ಬರುವವರೆಗೆ ಇಂಜಿನ್ನಿನಲ್ಲಿ ಒಂದು ಅಪಸ್ವರ ಇಲ್ಲ. ಹೆಬ್ಬೂರಿನಿಂದ ಸ್ವಲ್ಪ ಮುಂದೆ ಒಂದು ಸಣ್ಣ ಏರು. ಗಾಡಿ ಏದುಸಿರು ಬಿಡತೊಡಗಿತು. ಲೋಕೇಶ ಪೆಡಲನ್ನು ನೆಲಕ್ಕೆ ಒತ್ತಿದ. ಹಿಂದಿನಿಂದ ಮೊಪೆಡ್‌ನಲ್ಲಿ ಬಂದ ಒಬ್ಬರು ಹಾಲಿನ ಕ್ಯಾನಿನ ಸಮೇತ ನಮ್ಮನ್ನು ದಾಟಿ, ತಿರುಗಿ ನೋಡಿ ಅಯ್ಯೋ ಪಾಪ ಎಂಬಂತೆ ತಲೆಯಾಡಿಸಿದರು. ಮಜ್ಜಿಗೆ ಅಂಗಡಿಯ ಮುಂದೆ ಸರಿಯಾಗಿ ನಿಂತಿತು. ಲೋಕೇಶ ಆಫೀಸಿಗೆ ಹೋಗುವವನಂತೆ ಇಳಿದು ಮಜ್ಜಿಗೆಗೆ ಹೋದ. ಅಂಗಡಿಯಾಕೆ ಅವನನ್ನು ನೋಡಿದ ಕೂಡಲೇ ಊರ ಸುದ್ದಿಯೆಲ್ಲ ಬಿಚ್ಚಿದರು. ಅಲ್ಲಿ ಒಂದು ಲೋಟಕ್ಕೆ ಅರ್ಧ ಗಂಟೆ ಗ್ಯಾರಂಟಿ. ಟೀ ಅಂಗಡಿಯಾಗಿದ್ದರೆ ಎರಡು ನಿಮಿಷ. ನನಗೆ ಏನೋ ಹೊಳೆದಂತಾಯಿತು. ಅರ್ಧ ಗಂಟೆ ಸುಮ್ಮನೆ ನಿಂತರೆ ಸರಿಹೋಗುವುದು ಏನಿದೆ?

ಫೀಡ್ ಪಂಪಿನ ಪೈಪು ಸಡಿಲಿಸಿದೆ. ಡೀಸೆಲ್ ಬರಲಿಲ್ಲ. ತುಂಬಿದ ಟ್ಯಾಂಕಿನಿಂದ ಡೀಸೆಲ್ ಬರುತ್ತಿಲ್ಲ! ಸ್ಟೇರಿಂಗಿನಲ್ಲಿದ್ದ ಕೀ ಗೊಂಚಲು ತಂದು, ಪಕ್ಕದಲ್ಲಿದ್ದ ಟ್ಯಾಂಕಿನ ಮುಚ್ಚಳದ ಬೀಗ ತೆಗೆದು ತಿರುಗಿಸಿದೆ. ಭುಸ್ಸ್ ಎಂದು ಟ್ಯಾಂಕು ಗಾಳಿ ಎಳೆದುಕೊಂಡಿತು. ಬಹಳ ಹೊತ್ತು ಎಳೆದುಕೊಂಡಿತು. ಪಾಪದ್ದು, ಬೆಳಗಿನಿಂದ ಉಸಿರು ಕಟ್ಟಿ ದುಡಿದಿತ್ತು.

ಹೊಸಬರಿಗೆ ಇಲ್ಲಿ ಒಂದು ಮಾತು. ಟ್ಯಾಂಕಿನಿಂದ ಡೀಸೆಲ್ ಹೊರಗೆ ಹೋದಷ್ಟೂ ಒಳಗೆ ಗಾಳಿ ಬರಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಗುಂಡುಸೂಜಿಯಷ್ಟು ಸಣ್ಣ ತೂತು ಇರುತ್ತದೆ. ಅದು ಮುಚ್ಚಿದರೆ ಗಾಡಿ ಸ್ವಲ್ಪ ದೂರ ಓಡಿ, ಟ್ಯಾಂಕಿನಿಂದ ಎಳೆಯಲಾಗದೆ ಸೋಲುತ್ತದೆ. ಅರ್ಧ ಗಂಟೆ ಬಿಟ್ಟರೆ ಹೇಗೋ ಒಂದಿಷ್ಟು ಗಾಳಿ ನುಸುಳಿ ಮತ್ತೆ ಓಡುತ್ತದೆ. ನಾನು ಪ್ರತಿ ಸಲ ಬಂಕಿಗೆ ಒಯ್ದು ಮುಚ್ಚಳ ತೆಗೆಸಿ, ಕಾಯಿಲೆಯನ್ನು ಒರೆಸಿ ಹಾಕಿ, ಆಮೇಲೆ ನಾಡಿ ನೋಡುತ್ತಿದ್ದೆ.

ಮುಚ್ಚಳವನ್ನು ಬಿಸಿಲಿಗೆ ಹಿಡಿದೆ. ಬೆರಳಿನ ದಪ್ಪಕ್ಕೆ ಅರಿಸಿನ. ಅದರ ಮೇಲೆ ಕುಂಕುಮ, ಅದರ ಮೇಲೆ ಒಂದು ಕನಕಾಂಬರ. ಬೆಳಗ್ಗೆ ನಾನು ಕೈ ಮುಗಿದದ್ದು ಇದಕ್ಕೇ. ಟ್ಯಾಂಕು ಇಳಿಸಿದ ದಿನವೂ ಇದು ಕಣ್ಣಿಗೆ ಬಿದ್ದಿತ್ತು, ಎಲ್ಲ ಗಾಡಿಗೂ ಇರುವ ಅರಿಸಿನ ತಾನೇ ಎಂದು ಮುಟ್ಟದೆ ಬಿಟ್ಟಿದ್ದೆ. ಚೇಳೂರಿನ ರಸ್ತೆಯ ಕುಲುಕಾಟಕ್ಕೆ ಉದುರದಿರಲಿ ಎಂದು ಅರಿಸಿನಕ್ಕೆ ಮೈದಾ ಕಲಸಿದ್ದರು, ಒಣಗಿ ಸಿಮೆಂಟಾಗಿತ್ತು. ಗಾಡಿಯ ಜೊತೆ ಬಂದಿದ್ದ ಹಳೆಯ ಮುಚ್ಚಳದಲ್ಲಿ ಗಾಳಿಯ ದಾರಿ ಅಂಚಿನ ಒಳಗೆ ಇದ್ದಿರಬೇಕು, ಅಷ್ಟು ವರ್ಷದ ಪೂಜೆಯನ್ನು ಅದು ತಡೆದುಕೊಂಡಿತ್ತು. ಇದು ಲೋಕೇಶ ಈಚೆಗೆ ಅಂಗಡಿಯಲ್ಲಿ ಕೊಂಡು ಹಾಕಿದ್ದ ಬೀಗದ ಮುಚ್ಚಳ, ಗಾಳಿಯ ತೂತು ನೆತ್ತಿಯ ಮೇಲೇ ಇತ್ತು, ಮೂಗಿನ ಹೊಳ್ಳೆ ಹಣೆಯ ಮೇಲಿದ್ದಂತೆ. ಗಾಡಿ ನಿಂತಷ್ಟೂ ಗಂಗಮ್ಮ ಪೂಜೆ ಹೆಚ್ಚಿಸಿದರು, ಪೂಜೆ ಹೆಚ್ಚಿದಷ್ಟೂ ಗಾಡಿ ನಿಂತಿತು. ನಾನು ರಸ್ತೆಯ ಬದಿಯಲ್ಲಿ ಕೂತು ಬಿದ್ದು ಬಿದ್ದು ನಕ್ಕೆ.

ನಗು ನಿಂತ ಮೇಲೆ ಭಯವಾಯಿತು. ಲೋಕೇಶ ಕೆಟ್ಟವನಲ್ಲ, ಆದರೆ ಅವನ ಹೊಟ್ಟೆಯಲ್ಲಿ ಮಜ್ಜಿಗೆ ನಿಲ್ಲುತ್ತಿತ್ತೇ ಹೊರತು ಮಾತು ನಿಲ್ಲುತ್ತಿರಲಿಲ್ಲ. ಪಾಯಸದ ಸ್ನಾನದ ಕಥೆಯನ್ನು ಊರಿಗೆಲ್ಲ ಹಂಚಿದವನು ಅವನೇ. ಗಾಡಿಯನ್ನು ನಿಲ್ಲಿಸುತ್ತಿದ್ದದ್ದು ನಿಮ್ಮ ಪೂಜೆಯೇ ಎಂದು ಆ ತಾಯಿಗೆ ಗೊತ್ತಾದರೆ? ಗಂಡನ ಗಾಡಿಯನ್ನು ಗುಜರಿಯ ಬಾಗಿಲವರೆಗೆ ತಳ್ಳಿದ್ದು ತಾನೇ ಎಂದು ಗೊತ್ತಾದರೆ? ಅಂಗಿಗೆ ಗುಂಡಿಯ ಬದಲು ಸಿಕ್ಕಿಸಿದ್ದ ಪಿನ್ನು ತೆಗೆದು ತೂತು ಬಿಡಿಸಿದೆ, ಉಗುರಿನಿಂದ ಅರಿಸಿನವನ್ನೆಲ್ಲ ಕೆರೆದು ಹಾಕಿದೆ, ಮುಚ್ಚಳ ಹಾಕಿ ಪೈಪು ಬಿಗಿದೆ. ಲೋಕೇಶ ನನಗೂ ಒಂದು ಲೋಟ ಹಿಡಿದುಕೊಂಡು ಬಂದ.

"ಏನಾರ ಗೊತ್ತಾಯ್ತಾ ಅಣ್ಣ?"

"ಏನೂ ಇಲ್ಲ ಕಣೋ" ಎಂದು ಹೇಳಿ ಮಜ್ಜಿಗೆ ಕುಡಿದೆ. ಗಾಡಿ ಕುಣಿಗಲ್ ತನಕ ಒಂದೇ ಓಟ.

ಸಂಜೆ ವಾಪಸು ಚೇಳೂರಿಗೆ ಹೋಗಿ, ಲೋಕೇಶ ಪಾತ್ರೆಯ ಲೆಕ್ಕದಲ್ಲಿದ್ದಾಗ ಗಂಗಮ್ಮನವರನ್ನು ಹಿತ್ತಿಲಿಗೆ ಕರೆದು ಹೇಳಿದೆ. "ಅಮ್ಮ, ಡೀಸೆಲ್ ಹಾಕೋ ಜಾಗ ಐತಲ್ಲ, ಅದು ಗಾಡಿ ಬಾಯಿ. ಉಣ್ಣೋ ಬಾಯಿಗೆ ಅರಿಸಿನ ಕುಂಕುಮ ಇಡಬಾರ್ದಂತೆ, ಹಣೆಗೆ ಇಡ್ಬೇಕಂತೆ. ಮುಂದ್ಗಡೆ ಬಾನೆಟ್ಟಿಗೆ ಇಡಿ, ಶ್ರೇಯಸ್ಸು."

"ಯಾರಪ್ಪ ಹೇಳಿದ್ದು?"

"ಒಬ್ರು ಸ್ವಾಮಿಗಳು."

"ಎಲ್ಲಿ?"

"ಹೆಬ್ಬೂರಲ್ಲಿ... ಮಜ್ಗೆ ಕುಡೀತಿದ್ರು."

ಗಂಗಮ್ಮ ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈ ನೋಡಿದರು. "ಹೂಂ. ಆಗ್ಲಿ" ಅಂದರು.

ನಾಲ್ಕು ಶುಕ್ರವಾರ ಗಾಡಿ ನಿಲ್ಲಲಿಲ್ಲ. ಗುಜರಿಯವನಿಗೆ ಲೋಕೇಶ ಬೇಡ ಎಂದು ಹೇಳಿ ಕಳಿಸಿದ. ಟೀ ಅಂಗಡಿಯಲ್ಲಿ ಮಂಜ ಟೇಬಲ್ಲು ಒರೆಸಿ, "ಎಲ್ಲಿ, ಪಾರ್ಟ್ ಇಡು" ಅಂದ. ನನ್ನ ಗ್ಯಾರೇಜಿನಲ್ಲಿ ಒಂದು ಗೋಣಿಚೀಲದಷ್ಟು ಕೆಟ್ಟ ಪಾರ್ಟುಗಳಿದ್ದವು. ಯಾವುದನ್ನು ತಂದಿಟ್ಟಿದ್ದರೂ ನಡೆಯುತ್ತಿತ್ತು. ಆದರೆ ಉಸ್ತಾದರು ಉರ್ದುವಿನಲ್ಲಿ ಹೇಳುತ್ತಿದ್ದ ಆ ಮಾತು ಕಿವಿಯಲ್ಲಿತ್ತು. ನಿಜವಾದ ಪಾರ್ಟು ಇಟ್ಟರೆ ಗಂಗಮ್ಮನವರ ಅರಿಸಿನ ಶಿರಾ ಗೇಟಿನ ಬಾಯಿಗೆಲ್ಲ ಬೀಳುತ್ತಿತ್ತು. ಸುಮ್ಮನಿದ್ದೆ. ಸಾಲದ್ದಕ್ಕೆ ಅಲ್ಲೇ ಇದ್ದ ಲೋಕೇಶ ಸಾಕ್ಷಿ ಬೇರೆ ಹೇಳಿದ: "ಅಣ್ಣ ಏನೂ ಬದ್ಲಾಯಿಸ್ಲಿಲ್ಲ. ಅವತ್ತು ಅಣ್ಣನೂ ಮಜ್ಗೆ ಕುಡ್ದ, ಅವತ್ತಿಂದ ಸರಿಹೋಯ್ತು."

ಮೀಸೆ ಬೋಳಿಸಿಕೊಂಡು ಮನೆಗೆ ಹೋದೆ. ಹೆಂಡತಿ ಬಾಗಿಲು ತೆಗೆದು, ತಲೆಯ ಮೇಲೆ ಸೆರಗು ಎಳೆದುಕೊಂಡು, "ಅವ್ರು ಗ್ಯಾರೇಜಲ್ಲಿದಾರೆ" ಎಂದು ಬಾಗಿಲು ಹಾಕಿಕೊಂಡಳು. ಮೂವತ್ತೈದು ವರ್ಷ ಸಂಸಾರ ಮಾಡಿದವಳು. ಗ್ಯಾರೇಜಿನಲ್ಲಿ ದಿನಕ್ಕೆ ಹತ್ತು ಜನ ನನ್ನನ್ನೇ, "ಸಿದ್ದಣ್ಣ ಇಲ್ವಾ?" ಎಂದು ಕೇಳುತ್ತಿದ್ದರು. ನಿಜ ಹೇಳಬೇಕೆಂದರೆ ನನಗೆ ಬಹಳ ಅವಮಾನವಾಗಿತ್ತು. ಕೆಲಸ ಗೆದ್ದು ಸೋತವನಂತೆ ತಿರುಗುವುದು ಬಹಳ ಕಷ್ಟ.

ಐದನೇ ಶುಕ್ರವಾರ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ಪಿಕಪ್ಪು ಗ್ಯಾರೇಜಿನ ಮುಂದೆ ನಿಂತಿತು. ಬಾನೆಟ್ಟಿನ ನಡುವೆ ಅರಿಸಿನ ಕುಂಕುಮ, ಕನಕಾಂಬರ. ಮುಂದಿನ ಸೀಟಿನಿಂದ ಗಂಗಮ್ಮ ಇಳಿದರು.

"ಏನಪ್ಪ ಸಿದ್ದಣ್ಣ, ಮೀಸೆ ಎಲ್ಲೋಯ್ತು?"

ನಾನು ಬಾಯಿ ತೆರೆಯುವ ಮೊದಲೇ ಲೋಕೇಶ ಸ್ಟೇರಿಂಗಿನ ಹಿಂದಿನಿಂದ ಪಂದ್ಯ, ಪಾರ್ಟು, ಟೇಬಲ್ಲು ಎಲ್ಲವನ್ನೂ ಒಪ್ಪಿಸಿದ. ಗಂಗಮ್ಮ ಕೇಳುತ್ತ ಕೇಳುತ್ತ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. "ಯಾವನವ್ನು ಮಂಜ?" ಅಂದರು. ನಾನು ಬೇಡಮ್ಮ ಬೇಡಮ್ಮ ಎಂದು ಹಿಂದೆ ಓಡುವಷ್ಟರಲ್ಲಿ ಟೀ ಅಂಗಡಿಗೆ ನುಗ್ಗಿ, ಮಂಜನ ಮುಂದಿನ ಬೆಂಚಿನ ಮೇಲೆ ಕೂತು, ಎರಡು ಕೈಯನ್ನೂ ಟೇಬಲ್ಲಿನ ಮೇಲೆ ಇಟ್ಟರು.

"ನಿಂಗೆ ಪಾರ್ಟ್ ತೋರ್ಸ್ಬೇಕಂತೆ?"

"ಹೌದಮ್ಮ... ಪಂದ್ಯ ಅಂದ್ಮೇಲೆ..." ಮಂಜ ಸ್ಕ್ಯಾನರನ್ನು ಎದೆಗೆ ಒತ್ತಿಕೊಂಡ.

"ನೋಡ್ಕ. ನಾನೇ ಆ ಪಾರ್ಟು. ಅರಿಸಿನಕ್ಕೆ ಮೈದಾ ಕಲ್ಸಿ ಡೀಸೆಲ್ ಮುಚ್ಚಳದ ತೂತು ಮುಚ್ಚಿದ್ದು ಈ ಕೈ. ಕಂಡುಹಿಡ್ದವ್ನು ಇವ್ನು. ನಂಗೆ ಬೇಜಾರಾದಾತು ಅಂತ ಮೀಸೆ ಕೊಟ್ಟವ್ನೆ. ಸಾಕಾ, ಪೇಪರ್‌ನಲ್ಲಿ ಸುತ್ತಿ ಕೈಗ್ ಕೊಡ್ಬೇಕಾ?"

ಲೋಕೇಶ ಮೊದಲ ಸಲ ಬಾಯಿ ಮುಚ್ಚಿಕೊಂಡು ನಿಂತಿದ್ದ. ನಾನು ಮೆಲ್ಲಗೆ, "ನಿಮ್ಗೆ ಯಾವಾಗ ಗೊತ್ತಾಯ್ತಮ್ಮ?" ಎಂದೆ.

"ಅವತ್ತು ಸಾಯಂಕಾಲನೇ. ಗ್ರೀಸ್ ಹತ್ತಿದ್ ಉಗುರಲ್ಲೆಲ್ಲ ಹಳದಿ ಇತ್ತಲ್ಲ. ಯಾವ್ ಸ್ವಾಮಿಗೋಳು ಕಣ್ಲಾ ಉಗುರಿಗೆ ಅರಿಸಿನ ಹಚ್ಚಿ ಕಳ್ಸೋರು? ಪಾಪ, ಅಷ್ಟು ಕಷ್ಟ್‌ಪಟ್ಟು ಸುಳ್ ಹೇಳ್ತಾ ಇದೀಯಲ್ಲ ಅಂತ ನಾನೂ ಸುಮ್ನಾದೆ. ತಪ್ಪು ಅಂತ ಒಂದ್ ಮಾತ್ ಹೇಳಿದ್ರೆ ನಾನೇನ್ ಸತ್ತೋಯ್ತಿದ್ನಾ? ಮೀಸೆ ಬೋಳುಸ್ಕಂಡೆ ದಡ್ಡ ಮುಂಡೇದೆ." ಬೈಯುತ್ತಲೇ ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡರು.

ಮಂಜ ಸ್ಕ್ಯಾನರನ್ನು ಟೇಬಲ್ಲಿನ ಮೇಲೆ ಗಂಗಮ್ಮನವರ ಕೈಯ ಪಕ್ಕ ಇಟ್ಟ. "ಒಂಚೂರ್ ನೋಡ್ಕಳಮ್ಮ, ಬಂದೆ" ಎಂದು ಹೇಳಿ, ಕಡೆಯ ಸಲ ಮೀಸೆ ತಿರುವಿ, ರಸ್ತೆ ದಾಟಿ ಕಟಿಂಗ್ ಶಾಪಿನ ಒಳಗೆ ಹೋದ.